ಹಸಿದ ಬ್ಯಾಕ್ಟೀರಿಯಾ ಯಾವ ಜೀನನ್ನು ತೆರೆಯುತ್ತದೆ, ಯಾವುದನ್ನು ಮುಚ್ಚುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳಿಗೆ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುವಾಗ, ಉಪನ್ಯಾಸ ಮುಗಿಸಿ ಹೊರಬರುವಾಗ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಹೆಚ್ಚಿನ ಉತ್ತರಗಳಲ್ಲಿ ಬರುವುದು ನಮ್ಮ ಕರುಳಿನಲ್ಲೇ ವಾಸಿಸುವ ಇ. ಕೊಲೈ. ಇದರಷ್ಟು ಆಳವಾಗಿ ಅಧ್ಯಯನಗೊಂಡ ಜೀವಕೋಶ ಬೇರೊಂದಿಲ್ಲ.

ಮೊದಲ ಮೆಟ್ಟಿಲು

ಮಿದುಳೇ ಇಲ್ಲದ ಬ್ಯಾಕ್ಟೀರಿಯಾಕ್ಕೆ ಹಸಿವಾಗಿದೆ ಎಂದು ಗೊತ್ತಾಗುವುದು ಹೇಗೆ?

ನಮಗೆ ಅನ್ನಿಸುವಂತೆ ಅದಕ್ಕೆ ಅನ್ನಿಸುವುದಿಲ್ಲ. ಆದರೆ ಆಹಾರ ಕಡಿಮೆಯಾದ ಕೂಡಲೇ ಕೋಶದೊಳಗಿನ ಕೆಲವು ಅಣುಗಳ ಪ್ರಮಾಣವೋ ರೂಪವೋ ಬದಲಾಗುತ್ತದೆ. ಸಾರಜನಕ ಕಡಿಮೆಯಾದರೆ ಗ್ಲುಟಮಿನ್ ಇಳಿಯುತ್ತದೆ. ಅಮೈನೊ ಆಮ್ಲ ಕಡಿಮೆಯಾದರೆ ಅದನ್ನು ಹೊತ್ತು ತರಬೇಕಾದ ಟಿಆರ್‌ಎನ್‌ಎಗಳು ಬರಿಗೈಯಲ್ಲಿ ಉಳಿಯುತ್ತವೆ. ಗ್ಲುಕೋಸ್ ಮುಗಿದರೆ ಅದನ್ನು ಒಳಗೆ ಸಾಗಿಸುವ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಹಾಗೆಯೇ ಉಳಿದುಬಿಡುತ್ತದೆ. ಈ ಒಂದೊಂದು ಬದಲಾವಣೆಗೂ ಸ್ಪಂದಿಸುವ ಪ್ರೋಟೀನು ಇದೆ, ಅದರ ಮುಂದಿನ ಕೊಂಡಿ ಯಾವುದೋ ಜೀನಿಗೆ ಹೋಗಿ ಮುಟ್ಟುತ್ತದೆ. ಬ್ಯಾಕ್ಟೀರಿಯಾದ ಹಸಿವು ಎಂದರೆ ಇಷ್ಟೇ. ಮತ್ತು ಅದರ ಬದುಕಿನಲ್ಲಿ ಹಸಿವು ಅಪರೂಪವಲ್ಲ. ಪ್ರಯೋಗಾಲಯದ ಸಮೃದ್ಧ ಸಾರಿನಲ್ಲಿ 20 ನಿಮಿಷಕ್ಕೊಮ್ಮೆ ಎರಡಾಗುವ ಇ. ಕೊಲೈ, ಕರುಳಿನಲ್ಲೋ ಹಳ್ಳದ ನೀರಿನಲ್ಲೋ ಬಹುಪಾಲು ಕಾಲ ಅರೆಹೊಟ್ಟೆಯಲ್ಲೇ ಇರುತ್ತದೆ.

ಎಲ್ಲ ಜೀನುಗಳೂ ಸದಾ ತೆರೆದೇ ಇದ್ದರೆ ಏನು ನಷ್ಟ?

ದೊಡ್ಡ ನಷ್ಟ. ಇ. ಕೊಲೈಯಲ್ಲಿ ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 4,300. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಬೀಟಾ ಗ್ಯಾಲಕ್ಟೋಸಿಡೇಸ್ ಕಿಣ್ವವನ್ನೇ ನೋಡಿ: ಅದರ ಒಂದು ಸರಪಳಿಯಲ್ಲಿ ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳಿವೆ, ಅಂಥ ನಾಲ್ಕು ಸರಪಳಿ ಸೇರಿದರೆ ಒಂದು ಕಿಣ್ವ. ಒಂದೊಂದು ಅಮೈನೊ ಆಮ್ಲ ಜೋಡಿಸಲು ಸುಮಾರು ನಾಲ್ಕು ಎಟಿಪಿಯಷ್ಟು ಶಕ್ತಿ ಬೇಕು, ಎಟಿಪಿ ಎಂದರೆ ಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣು. ಸುತ್ತ ಲ್ಯಾಕ್ಟೋಸೇ ಇಲ್ಲದಿರುವಾಗ ಈ ಕಿಣ್ವವನ್ನು ಸಾವಿರಗಟ್ಟಲೆ ಮಾಡಿಟ್ಟರೆ ಅಷ್ಟೂ ಖರ್ಚು ವ್ಯರ್ಥ.

ಇಂಥ ವ್ಯರ್ಥ ಖರ್ಚಿನಿಂದ ಬೆಳವಣಿಗೆ ಶೇಕಡಾ ಎರಡು ನಿಧಾನವಾದರೆ ಏನಂತೆ ಎಂದು ಕೇಳುವವರಿಗೆ ನಾನು ಹಲಗೆಯ ಮೇಲೆ ಈ ಲೆಕ್ಕ ಮಾಡಿ ತೋರಿಸುತ್ತೇನೆ. ಚುರುಕಾದ ತಳಿ 100 ಬಾರಿ ಇಬ್ಭಾಗವಾಗುವ ಹೊತ್ತಿಗೆ ನಿಧಾನದ ತಳಿ 98 ಬಾರಿ ಆಗಿರುತ್ತದೆ. ಆ ಎರಡು ತಲೆಮಾರಿನ ವ್ಯತ್ಯಾಸದಿಂದ ಸಮಸಮವಾಗಿ ಆರಂಭವಾದ ಪೈಪೋಟಿ ನಾಲ್ಕಕ್ಕೆ ಒಂದು ಆಗುತ್ತದೆ. ನೂರು ತಲೆಮಾರು ಎಂದರೆ ಒಳ್ಳೆಯ ಸಾರಿನಲ್ಲಿ ಒಂದೂವರೆ ದಿನ ಕೂಡ ಅಲ್ಲ.

"ಜೀನು ಮುಚ್ಚಿತು" ಎನ್ನುತ್ತೀರಿ. ಮುಚ್ಚುವುದು ಎಂದರೆ ನಿಜವಾಗಿ ಏನು?

ಡಿಎನ್‌ಎಯಿಂದ ಆರ್‌ಎನ್‌ಎ ನಕಲು ತೆಗೆಯುವುದು ಆರ್‌ಎನ್‌ಎ ಪಾಲಿಮರೇಸ್ ಎಂಬ ಯಂತ್ರ. ಅದು ಜೀನಿನ ಮುಂದಿನ ಪ್ರೊಮೋಟರ್ ಎಂಬ ಜಾಗದಲ್ಲಿ ಕುಳಿತು ಹೊರಡುತ್ತದೆ. ಆ ಜಾಗದಲ್ಲಿ ಅಡ್ಡ ಕೂರುವ ಪ್ರೋಟೀನು ರೆಪ್ರೆಸರ್. ಪಾಲಿಮರೇಸ್ ಗಟ್ಟಿಯಾಗಿ ಕೂರಲು ನೆರವಾಗುವುದು ಆಕ್ಟಿವೇಟರ್. ಬ್ಯಾಕ್ಟೀರಿಯಾದ ಸಂದೇಶವಾಹಕ ಆರ್‌ಎನ್‌ಎ ಕೆಲವೇ ನಿಮಿಷಗಳಲ್ಲಿ ಕೊಳೆತುಹೋಗುತ್ತದೆ, ಆದ್ದರಿಂದ ಹೊಸ ನಕಲು ನಿಂತರೆ ಹೊಸ ಪ್ರೋಟೀನೂ ಬೇಗನೆ ನಿಲ್ಲುತ್ತದೆ. ಈಗಾಗಲೇ ತಯಾರಾದ ಪ್ರೋಟೀನು ಮಾತ್ರ ಸಾಮಾನ್ಯವಾಗಿ ಉಳಿಯುತ್ತದೆ, ಕೋಶ ಇಬ್ಭಾಗವಾದಂತೆಲ್ಲ ಮಕ್ಕಳಿಗೆ ಹಂಚಿ ತೆಳುವಾಗುತ್ತದೆ.

ಲ್ಯಾಕ್ಟೋಸಿನ ಸುತ್ತ

ಎರಡು ಸಕ್ಕರೆ ಕೊಟ್ಟರೆ ಒಂದನ್ನು ಮುಗಿಸಿಯೇ ಇನ್ನೊಂದನ್ನು ಮುಟ್ಟುತ್ತದಂತೆ, ನಿಜವೇ?

ಹಲವು ಜೋಡಿಗಳಲ್ಲಿ ನಿಜ. ಪ್ಯಾರಿಸ್ಸಿನ ಸೊರ್ಬಾನಿನಲ್ಲಿ ಜಾಕ್ ಮೊನೊ ಇದನ್ನು ಕಂಡು 1941ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಯುದ್ಧಕಾಲ, ನಗರ ಜರ್ಮನ್ನರ ವಶದಲ್ಲಿತ್ತು. ಬೆಳವಣಿಗೆಯ ರೇಖೆ ಏರುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ. ಇದಕ್ಕೆ ಅವರು ಡೈಆಕ್ಸಿ ಎಂದು ಹೆಸರಿಟ್ಟರು, ಜೋಡಿ ಬೆಳವಣಿಗೆ ಎಂದು ಅರ್ಥ. ಕಿಣ್ವಗಳ ಹೊಂದಾಣಿಕೆಗೆ ಇದು ಸಂಬಂಧಿಸಿರಬಹುದು ಎಂದು ಸುಳಿವು ಕೊಟ್ಟವರು ಆಂದ್ರೆ ಲ್ವೊಫ್. ಆ ಒಂದು ಮಾತು ಮೊನೊ ಅವರ ಉಳಿದ ಜೀವಮಾನದ ದಾರಿಯನ್ನೇ ನಿರ್ಧರಿಸಿತು. 1965ರ ನೊಬೆಲ್ ಬಹುಮಾನ ಮೊನೊ, ಲ್ವೊಫ್ ಮತ್ತು ಫ್ರಾನ್ಸ್ವಾ ಜಾಕೋಬ್ ಮೂವರಿಗೂ ಸೇರಿ ಬಂತು.

ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಮಾಡುವಾಗ ಗ್ಲುಕೋಸನ್ನು ಬೇಕೆಂದೇ ಕಡಿಮೆ ಹಾಕಿ ಲ್ಯಾಕ್ಟೋಸನ್ನು ಧಾರಾಳವಾಗಿ ಹಾಕುತ್ತೇವೆ. ಕಾಲು ಗಂಟೆಗೊಮ್ಮೆ ಒಂದು ಮಿಲಿಲೀಟರ್ ತೆಗೆದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಕದಡನ್ನು ಅಳೆಯುವುದು. ಒಂದು ಹಂತದಲ್ಲಿ ಅಂಕಿ ನಿಂತುಬಿಡುತ್ತದೆ. ಮತ್ತೊಮ್ಮೆ ಅಳೆದರೂ ಅದೇ. ಫ್ಲಾಸ್ಕು ಕೆಟ್ಟಿತು ಎಂದು ವಿದ್ಯಾರ್ಥಿಗಳು ಪ್ರತಿ ವರ್ಷ ಗಾಬರಿಯಾಗುತ್ತಾರೆ. ಹೊರಗೆ ಏನೂ ಕಾಣದ ಆ ಹೊತ್ತಿನಲ್ಲೇ ಕೋಶದೊಳಗೆ ಹೊಸ ಕಿಣ್ವಗಳು ತಯಾರಾಗುತ್ತಿರುತ್ತವೆ. ಮುಕ್ಕಾಲು ಗಂಟೆ ಕಾದರೆ ಅಂಕಿ ಮತ್ತೆ ಮೇಲೇರುತ್ತದೆ.

ಲ್ಯಾಕ್ ಆಪೆರಾನ್ ಎಂದರೇನು? ಒಂದೇ ಸಲಕ್ಕೆ ಅರ್ಥವಾಗುವಂತೆ ಹೇಳಿ.

ಸಾಲಾಗಿ ನಿಂತ ಮೂರು ಜೀನುಗಳು, ಅವುಗಳಿಗೆಲ್ಲ ಒಂದೇ ಸ್ವಿಚ್ಚು. ಮೊದಲನೆಯದು ಲ್ಯಾಕ್ಟೋಸನ್ನು ಒಡೆಯುವ ಕಿಣ್ವದ್ದು, ಎರಡನೆಯದು ಲ್ಯಾಕ್ಟೋಸನ್ನು ಒಳಗೆ ತರುವ ಪರ್ಮಿಯೇಸಿನದು, ಮೂರನೆಯದು ಅಸಿಟೈಲ್ ವರ್ಗಾಯಿಸುವ ಒಂದು ಕಿಣ್ವದ್ದು. ಲ್ಯಾಕ್ಟೋಸ್ ಇಲ್ಲದಾಗ ರೆಪ್ರೆಸರ್ ಆಪರೇಟರ್ ಎಂಬ ಜಾಗವನ್ನು ಹಿಡಿದು ಕೂತಿರುತ್ತದೆ. ಲ್ಯಾಕ್ಟೋಸಿನಿಂದ ಹುಟ್ಟುವ ಅಲೋಲ್ಯಾಕ್ಟೋಸ್ ರೆಪ್ರೆಸರಿಗೆ ಅಂಟಿದರೆ ಅದರ ಆಕಾರ ಬದಲಾಗಿ ಹಿಡಿತ ಸಡಿಲವಾಗುತ್ತದೆ. ಆಗ ಮೂರೂ ಜೀನುಗಳ ನಕಲು ಒಂದೇ ಉದ್ದದ ಆರ್‌ಎನ್‌ಎಯಾಗಿ ಹೊರಬರುತ್ತದೆ, ಕಿಣ್ವದ ಪ್ರಮಾಣ ಸುಮಾರು ಸಾವಿರ ಪಟ್ಟು ಏರಬಹುದು. ಜಾಕೋಬ್ ಮತ್ತು ಮೊನೊ ಈ ಮಾದರಿಯನ್ನು ಪೂರ್ಣ ರೂಪದಲ್ಲಿ ಮುಂದಿಟ್ಟದ್ದು 1961ರಲ್ಲಿ. ರೆಪ್ರೆಸರ್ ಒಂದು ಪ್ರೋಟೀನು ಎಂದು ಅದನ್ನು ಬೇರ್ಪಡಿಸಿ ತೋರಿಸಿದವರು ವಾಲ್ಟರ್ ಗಿಲ್ಬರ್ಟ್ ಮತ್ತು ಬೆನೊ ಮುಲ್ಲರ್-ಹಿಲ್, 1966ರಲ್ಲಿ.

ಒಳಗೆ ತರುವ ಪರ್ಮಿಯೇಸಿನ ಜೀನೇ ಮುಚ್ಚಿದೆ. ಹಾಗಿದ್ದ ಮೇಲೆ ಮೊದಲ ಲ್ಯಾಕ್ಟೋಸ್ ಒಳಗೆ ಬಂದದ್ದು ಹೇಗೆ? ಬೀಗದ ಕೈ ಮನೆಯೊಳಗೇ ಇದೆಯಲ್ಲ!

ನನಗೆ ಬಂದ ಪ್ರಶ್ನೆಗಳಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಒಬ್ಬ ಹುಡುಗಿ ಹಿಂದಿನ ಬೆಂಚಿನಿಂದ ಎದ್ದು ಕೇಳಿದಳು, ಬೀಗದ ಕೈಯ ಮಾತು ಅವಳದೇ.

ಬೀಗ ಪೂರ್ತಿ ಹಾಕಿರುವುದಿಲ್ಲ. ಒಂದು ಕೋಶದಲ್ಲಿ ಲ್ಯಾಕ್ ರೆಪ್ರೆಸರ್ ಇರುವುದು ಹತ್ತರ ಆಸುಪಾಸು ಮಾತ್ರ. ಅದು ಆಪರೇಟರನ್ನು ಆಗಾಗ ಕ್ಷಣಮಾತ್ರ ಬಿಡುತ್ತದೆ. ಆ ಸಂದಿನಲ್ಲಿ ಒಂದೆರಡು ನಕಲು ನುಸುಳಿ ಬೆರಳೆಣಿಕೆಯ ಪರ್ಮಿಯೇಸ್ ಮತ್ತು ಕಿಣ್ವ ತಯಾರಾಗಿರುತ್ತವೆ. ಲ್ಯಾಕ್ಟೋಸ್ ಎದುರಾದಾಗ ಈ ಕೆಲವೇ ಪರ್ಮಿಯೇಸುಗಳು ಅದನ್ನು ಒಳಗೆ ತರುತ್ತವೆ. ಸ್ವಲ್ಪ ಲ್ಯಾಕ್ಟೋಸನ್ನು ಅಲೋಲ್ಯಾಕ್ಟೋಸ್ ಆಗಿ ತಿರುಗಿಸುವುದೂ ಅದೇ ಒಡೆಯುವ ಕಿಣ್ವ. ಒಂದಿಷ್ಟು ಸೋರಿಕೆ ಇಲ್ಲದಿದ್ದರೆ ಈ ವ್ಯವಸ್ಥೆ ಆರಂಭವೇ ಆಗುತ್ತಿರಲಿಲ್ಲ.

ಮುಂದಿನದು ಇನ್ನೂ ಚೆಂದ. ಒಳಗೆ ಬಂದ ಸಕ್ಕರೆ ಹೆಚ್ಚು ಪರ್ಮಿಯೇಸ್ ಮಾಡಿಸುತ್ತದೆ, ಹೆಚ್ಚು ಪರ್ಮಿಯೇಸ್ ಹೆಚ್ಚು ಸಕ್ಕರೆ ತರುತ್ತದೆ. ಹಾಗಾಗಿ ಪ್ರಚೋದಕ ಅಣು ಕಡಿಮೆ ಇದ್ದಾಗ ಎಲ್ಲ ಕೋಶಗಳೂ ಅರ್ಧರ್ಧ ತೆರೆದುಕೊಳ್ಳುವುದಿಲ್ಲ. ಕೆಲವು ಪೂರ್ತಿ ತೆರೆದಿರುತ್ತವೆ, ಉಳಿದವು ಮುಚ್ಚಿಯೇ ಇರುತ್ತವೆ. ಆರನ್ ನೊವಿಕ್ ಮತ್ತು ಮಿಲ್ಟನ್ ವೀನರ್ ಇದನ್ನು 1957ರಲ್ಲೇ ತೋರಿಸಿದ್ದರು. ಒಂದೇ ಜೀನುರಾಶಿಯ ಅಕ್ಕಪಕ್ಕದ ಎರಡು ಕೋಶಗಳು ಒಂದೇ ಸಾರಿನಲ್ಲಿ ಬೇರೆ ಬೇರೆ ಬಾಳು ಬಾಳಬಹುದು.

ಗ್ಲುಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ ಕಡಿಮೆ, ಆದ್ದರಿಂದ ಲ್ಯಾಕ್ಟೋಸ್ ಬೇಡ ಎಂದು ಪುಸ್ತಕದಲ್ಲಿದೆ. ಪರೀಕ್ಷೆಗೆ ಅಷ್ಟು ಬರೆದರೆ ಸಾಕೇ?

ಅಂಕ ಬರಬಹುದು, ಆದರೆ ಉತ್ತರ ಅರ್ಧವೇ. ಸಿಆರ್‌ಪಿ ಎಂಬ ಆಕ್ಟಿವೇಟರ್ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಸೂಚಕ ಅಣುವಿನೊಡನೆ ಸೇರಿದಾಗಲೇ ಲ್ಯಾಕ್ ಪ್ರೊಮೋಟರಿಗೆ ಬಲ ಬರುತ್ತದೆ ಎಂಬುದು ಸರಿ. ಆದರೆ ಗ್ಲುಕೋಸ್ ಇರುವಾಗ ಲ್ಯಾಕ್ಟೋಸನ್ನು ತಡೆಯುವ ಮುಖ್ಯ ಕೆಲಸ ನಡೆಯುವುದು ಕೋಶದ ಬಾಗಿಲಲ್ಲಿ.

ಗ್ಲುಕೋಸ್ ಒಳಗೆ ಬರುತ್ತಲೇ ಅದಕ್ಕೆ ಫಾಸ್ಫೇಟ್ ಅಂಟಿಸುವ ಪ್ರೋಟೀನುಗಳ ಸಾಲೊಂದಿದೆ. ಫಾಸ್ಫೇಟ್ ಕೈಯಿಂದ ಕೈಗೆ ದಾಟುತ್ತ ಬರುತ್ತದೆ. ಆ ಸಾಲಿನ ಇಐಐಎ ಎಂಬ ಪ್ರೋಟೀನು ಗ್ಲುಕೋಸ್ ಹರಿಯುತ್ತಿರುವಾಗ ತನ್ನ ಫಾಸ್ಫೇಟನ್ನು ಬಿಟ್ಟುಕೊಡುತ್ತಲೇ ಇರುತ್ತದೆ, ಹಾಗೆ ಖಾಲಿಯಾದ ಇಐಐಎ ಹೋಗಿ ಲ್ಯಾಕ್ಟೋಸ್ ಪರ್ಮಿಯೇಸನ್ನು ಹಿಡಿದು ಮುಚ್ಚುತ್ತದೆ. ಲ್ಯಾಕ್ಟೋಸ್ ಒಳಗೇ ಬರದಿದ್ದರೆ ರೆಪ್ರೆಸರ್ ಏಳುವುದಿಲ್ಲ. ಗ್ಲುಕೋಸ್ ಮುಗಿದಾಗ ಇಐಐಎ ಫಾಸ್ಫೇಟ್ ಹೊತ್ತು ನಿಲ್ಲುತ್ತದೆ, ಪರ್ಮಿಯೇಸನ್ನು ಬಿಡುತ್ತದೆ, ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವವನ್ನೂ ಚುರುಕುಗೊಳಿಸುತ್ತದೆ.

ಜಪಾನಿನ ಹಿರೋಜಿ ಐಬ ಅವರ ತಂಡ 1996ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿತು. ಗ್ಲುಕೋಸ್ ಉಣ್ಣುವ ಹಂತದಲ್ಲೂ ಲ್ಯಾಕ್ಟೋಸ್ ಉಣ್ಣುವ ಹಂತದಲ್ಲೂ ಸೈಕ್ಲಿಕ್ ಎಎಂಪಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಹೊರಗಿನಿಂದ ಅದನ್ನು ಸುರಿದರೂ ನಡುವಿನ ನಿಲುಗಡೆ ಹೋಗಲಿಲ್ಲ. ಲ್ಯಾಕ್ ರೆಪ್ರೆಸರಿನ ಜೀನನ್ನು ಕೆಡಿಸಿದಾಗ ಹೋಯಿತು. ಇಷ್ಟು ಸ್ಪಷ್ಟ ಪ್ರಯೋಗ ನಡೆದು ದಶಕಗಳಾದರೂ ಹಳೆಯ ವಿವರಣೆಯನ್ನಷ್ಟೇ ಪಾಠ ಮಾಡುವುದು ನನಗೆ ಬೇಸರ ತರಿಸುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ಕಾಲೇಜಿನಲ್ಲಿ ತೋರಿಸಬಹುದೇ?

ಖಂಡಿತ, ರೋಗ ತಾರದ ಪ್ರಯೋಗಾಲಯದ ತಳಿ ಸಾಕು. ಒಎನ್‌ಪಿಜಿ ಎಂಬ ಬಣ್ಣವಿಲ್ಲದ ವಸ್ತುವನ್ನು ಬೀಟಾ ಗ್ಯಾಲಕ್ಟೋಸಿಡೇಸ್ ಒಡೆದರೆ ಹಳದಿ ಬರುತ್ತದೆ. ಮೂರು ನಳಿಕೆ ಇಡಿ: ಬರೀ ಗ್ಲಿಸರಾಲ್, ಗ್ಲಿಸರಾಲಿನೊಡನೆ ಐಪಿಟಿಜಿ, ಗ್ಲುಕೋಸಿನೊಡನೆ ಐಪಿಟಿಜಿ. ಐಪಿಟಿಜಿ ಅಲೋಲ್ಯಾಕ್ಟೋಸಿನ ಪಾತ್ರ ವಹಿಸುತ್ತದೆ, ಆದರೆ ಅದನ್ನು ಕೋಶ ಅರಗಿಸಿಕೊಳ್ಳಲಾರದು. ಕೋಶಪೊರೆಯನ್ನು ಒಂದು ಹನಿ ಟೊಲುವೀನಿನಿಂದ ಸಡಿಲಿಸಿ ಒಎನ್‌ಪಿಜಿ ಹಾಕಿ. ಕೆಲವು ನಿಮಿಷದಲ್ಲಿ ನಡುವಿನ ನಳಿಕೆ ಅರಿಸಿನ ಕದಡಿದಂತೆ ಹಳದಿಯಾಗುತ್ತದೆ, ಮೂರನೆಯದು ಅದಕ್ಕಿಂತ ತಿಳಿ, ಮೊದಲನೆಯದು ನೀರಿನ ಹಾಗೆಯೇ ಇರುತ್ತದೆ. ಸೋಡಿಯಂ ಕಾರ್ಬೊನೇಟ್ ಹಾಕಿದರೆ ಕ್ರಿಯೆ ನಿಲ್ಲುತ್ತದೆ, ಬಣ್ಣವೂ ಗಾಢವಾಗುತ್ತದೆ.

ಮೊಸರಿನ ಬ್ಯಾಕ್ಟೀರಿಯಾಗಳೂ ಹೀಗೆಯೇ ಗ್ಲುಕೋಸನ್ನೇ ಮೊದಲು ಬಯಸುತ್ತವೆಯೇ?

ಇಲ್ಲ. ಹಾಲಿನಲ್ಲೇ ಬಾಳುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಗ್ಲುಕೋಸಿಗಿಂತ ಲ್ಯಾಕ್ಟೋಸಿನಲ್ಲೇ ಚೆನ್ನಾಗಿ ಬೆಳೆಯುತ್ತದೆ. ಲ್ಯಾಕ್ಟೋಸನ್ನು ಒಳಗೆ ತಂದು ಒಡೆದು, ಗ್ಲುಕೋಸ್ ಭಾಗವನ್ನು ಬಳಸಿಕೊಂಡು, ಗ್ಯಾಲಕ್ಟೋಸನ್ನು ಸಾಮಾನ್ಯವಾಗಿ ಅದೇ ಬಾಗಿಲಿನಿಂದ ಹೊರಗೆ ಹಾಕುತ್ತದೆ. ಮಣ್ಣಿನ ಸೂಡೊಮೊನಾಸ್ ಜಾತಿಯವುಗಳಿಗೆ ಸಕ್ಸಿನೇಟಿನಂಥ ಆಮ್ಲಗಳೇ ಮೊದಲು, ಸಕ್ಕರೆ ಆಮೇಲೆ. ಯಾವುದು ಮೊದಲು ಎಂಬುದು ಆ ಜೀವಿ ಬಾಳಿಬಂದ ನೆಲೆಗೆ ಸೇರಿದ ವಿಷಯ.

ನಿಜವಾದ ಬರ

ಸಕ್ಕರೆ ಬದಲಿಸುವುದು ಸರಿ. ಅಮೈನೊ ಆಮ್ಲಗಳೇ ಖಾಲಿಯಾದರೆ?

ಇಲ್ಲಿಂದ ಕಥೆ ಬೇರೆ. ಒಂದು ಆಪೆರಾನ್ ತೆರೆದರೆ ಸಾಲದು, ಇಡೀ ಕೋಶದ ವೇಗವನ್ನು ಇಳಿಸಬೇಕು. ಪ್ರೋಟೀನು ಜೋಡಿಸುವ ಯಂತ್ರವಾದ ರೈಬೋಸೋಮಿನಲ್ಲಿ ಅಮೈನೊ ಆಮ್ಲ ಹೊತ್ತ ಟಿಆರ್‌ಎನ್‌ಎ ಬರಬೇಕಾದ ಜಾಗಕ್ಕೆ ಬರಿಗೈ ಟಿಆರ್‌ಎನ್‌ಎ ಬಂದು ಕೂರುತ್ತದೆ. ರೆಲ್‌ಎ ಎಂಬ ಪ್ರೋಟೀನು ಆ ಸ್ಥಿತಿಯನ್ನು ಗುರುತಿಸಿ ಪಿಪಿಜಿಪಿಪಿ ಎಂಬ ಪುಟ್ಟ ಅಣುವನ್ನು ತಯಾರಿಸತೊಡಗುತ್ತದೆ. 1969ರಲ್ಲಿ ಮೈಕೆಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ವಿಕಿರಣಶೀಲ ರಂಜಕ ಉಣಿಸಿದ, ಅಮೈನೊ ಆಮ್ಲ ಸಿಗದ ಕೋಶಗಳ ಸಾರವನ್ನು ಹರಡಿ ನೋಡಿದಾಗ, ಹೊಟ್ಟೆ ತುಂಬಿದ ಕೋಶಗಳಲ್ಲಿ ಕಾಣದ ಕಲೆಗಳು ಕಂಡವು. ಅವಕ್ಕೆ ಬಿದ್ದ ಹೆಸರು "ಮಾಯಾ ಚುಕ್ಕೆ".

ಇ. ಕೊಲೈಯಲ್ಲಿ ಪಿಪಿಜಿಪಿಪಿ ಡಿಕೆಎಸ್‌ಎ ಎಂಬ ಪ್ರೋಟೀನಿನ ಜೊತೆಗೂಡಿ ಆರ್‌ಎನ್‌ಎ ಪಾಲಿಮರೇಸಿನ ಮೇಲೆಯೇ ಕೂರುತ್ತದೆ. ರೈಬೋಸೋಮಿಗೆ ಬೇಕಾದ ಆರ್‌ಎನ್‌ಎಯ ತಯಾರಿ ಕುಸಿಯುತ್ತದೆ. ಅಮೈನೊ ಆಮ್ಲಗಳನ್ನು ಸ್ವತಃ ತಯಾರಿಸಿಕೊಳ್ಳುವ ಜೀನುಗಳು ಏಳುತ್ತವೆ. ಇದಕ್ಕೆ ಕಟ್ಟುನಿಟ್ಟಿನ ಪ್ರತಿಕ್ರಿಯೆ ಎಂದು ಹೆಸರು. ಎಷ್ಟು ಉಳಿತಾಯ ಎಂದು ತಿಳಿಯಲು ಈ ಅಂಕಿ ನೋಡಿ: 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಕೋಶದಲ್ಲಿ ಸುಮಾರು 70,000 ರೈಬೋಸೋಮುಗಳು, 100 ನಿಮಿಷ ತೆಗೆದುಕೊಳ್ಳುವ ಕೋಶದಲ್ಲಿ ಸುಮಾರು 7,000.

ಆಹಾರ ಮುಗಿದರೆ ಬೆಳವಣಿಗೆ ತಾನಾಗಿಯೇ ನಿಲ್ಲುವುದಿಲ್ಲವೇ? ಅದಕ್ಕೂ ಒಂದು ವ್ಯವಸ್ಥೆ ಬೇಕೇ?

ಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ ಎನ್ನುತ್ತೇನೆ. ಒಲೆಯಲ್ಲಿ ಸೌದೆ ಮುಗಿದರೆ ಬೆಂಕಿ ತಾನೇ ಆರುತ್ತದೆ, ಆದರೆ ಕೋಶ ಹಾಗೆ ನಿಲ್ಲುವುದಿಲ್ಲ. ರೆಲ್‌ಎ ಕೆಟ್ಟ ತಳಿಗಳಿಗೆ ಅಮೈನೊ ಆಮ್ಲ ತಪ್ಪಿಸಿದರೂ ಅವು ರೈಬೋಸೋಮಿನ ಆರ್‌ಎನ್‌ಎಯನ್ನು ಮಾಡುತ್ತಲೇ ಹೋಗುತ್ತವೆ. ಅದರೊಡನೆ ಸೇರಬೇಕಾದ ಪ್ರೋಟೀನೇ ಇಲ್ಲ, ಇದ್ದ ಬಂಡವಾಳವೂ ಖರ್ಚು. ಪಿಪಿಜಿಪಿಪಿ ತಯಾರಿಸುವ ಎರಡೂ ಪ್ರೋಟೀನುಗಳಿಲ್ಲದ, ಅಂದರೆ ರೆಲ್‌ಎ ಮತ್ತು ಸ್ಪಾಟ್ ಎರಡೂ ಇಲ್ಲದ ತಳಿ, ಅಮೈನೊ ಆಮ್ಲ ಬೆರೆಸದ ಬರೀ ಗ್ಲುಕೋಸ್-ಲವಣದ ಮಾಧ್ಯಮದಲ್ಲಿ ಬೆಳೆಯುವುದೇ ಇಲ್ಲ. ಬೇಕಾದ ಜೀನುಗಳೆಲ್ಲ ಅದರ ಡಿಎನ್‌ಎಯಲ್ಲಿ ಸರಿಯಾಗಿಯೇ ಇವೆ. ಅವನ್ನು ತೆರೆಯುವ ಸೂಚನೆ ಮಾತ್ರ ಬರುವುದಿಲ್ಲ. ನಿಲ್ಲುವುದನ್ನೂ ಕೋಶ ಕೆಲಸವೆಂದೇ ಮಾಡಬೇಕಾಗುತ್ತದೆ, ಅದಕ್ಕೂ ಜೀನು ಬೇಕು, ಶಕ್ತಿ ಬೇಕು.

ಟ್ರಿಪ್ಟೋಫ್ಯಾನ್ ಒಂದೇ ಕಡಿಮೆಯಾದರೆ ಇಷ್ಟೆಲ್ಲ ಗದ್ದಲ ಏಕೆ?

ಒಂದೇ ಅಮೈನೊ ಆಮ್ಲಕ್ಕೆ ಅದರದೇ ಸೂಕ್ಷ್ಮ ಏರ್ಪಾಡೂ ಇದೆ. ಟ್ರಿಪ್ಟೋಫ್ಯಾನ್ ಆಪೆರಾನಿಗೆ ರೆಪ್ರೆಸರ್ ಒಂದು ಕಾವಲು. ಎರಡನೆಯ ಕಾವಲನ್ನು ಸ್ಟ್ಯಾನ್‌ಫರ್ಡಿನ ಚಾರ್ಲ್ಸ್ ಯಾನೋಫ್ಸ್ಕಿ ಬಿಡಿಸಿ ತೋರಿಸಿದರು. ಆಪೆರಾನಿನ ಆರ್‌ಎನ್‌ಎಯ ಆರಂಭದಲ್ಲಿ ಕೇವಲ 14 ಅಮೈನೊ ಆಮ್ಲಗಳ ಒಂದು ಪುಟ್ಟ ಪೆಪ್ಟೈಡಿನ ಸಂದೇಶವಿದೆ, ಅದರಲ್ಲಿ ಅಕ್ಕಪಕ್ಕ ಎರಡು ಟ್ರಿಪ್ಟೋಫ್ಯಾನ್. ಟ್ರಿಪ್ಟೋಫ್ಯಾನ್ ಸಾಕಷ್ಟಿದ್ದರೆ ರೈಬೋಸೋಮ್ ಆ ಜಾಗವನ್ನು ಸರಾಗವಾಗಿ ದಾಟುತ್ತದೆ. ಆಗ ಮುಂದಿನ ಆರ್‌ಎನ್‌ಎ ಹೇರ್‌ಪಿನ್ನಿನಂತೆ ಮಡಿಸಿಕೊಂಡು ಪಾಲಿಮರೇಸನ್ನು ಅಲ್ಲೇ ಇಳಿಸಿಬಿಡುತ್ತದೆ. ಟ್ರಿಪ್ಟೋಫ್ಯಾನ್ ಇಲ್ಲದಿದ್ದರೆ ರೈಬೋಸೋಮ್ ಆ ಎರಡು ಅಕ್ಷರಗಳಲ್ಲೇ ತಡವರಿಸುತ್ತದೆ, ಆರ್‌ಎನ್‌ಎ ಬೇರೆ ರೀತಿ ಮಡಿಸಿಕೊಳ್ಳುತ್ತದೆ, ಪಾಲಿಮರೇಸ್ ಮುಂದೆ ಸಾಗುತ್ತದೆ. ಕೊರತೆ ಇದೆಯೇ ಎಂದು ಕೇಳುವ ಪ್ರಶ್ನೆಯನ್ನು ಆ ಕೊರತೆಯ ಪದಾರ್ಥದಲ್ಲೇ ಬರೆದಿಟ್ಟಂತಿದೆ. ಬ್ಯಾಕ್ಟೀರಿಯಾದಲ್ಲಿ ನಕಲು ತೆಗೆಯುವುದೂ ಅದನ್ನು ಓದುವುದೂ ಒಟ್ಟೊಟ್ಟಿಗೇ ನಡೆಯುವುದರಿಂದ ಇದು ಸಾಧ್ಯ. ನಮ್ಮ ಜೀವಕೋಶಗಳಲ್ಲಿ ಈ ಎರಡರ ನಡುವೆ ಕೋಶಕೇಂದ್ರದ ಗೋಡೆ ಇದೆ.

ಸಾರಜನಕ, ರಂಜಕ, ಕಬ್ಬಿಣ ಇವುಗಳಿಗೂ ಬೇರೆ ಬೇರೆ ಏರ್ಪಾಡು ಇದೆಯೇ?

ಇದೆ. ರಂಜಕ ಇಳಿದಾಗ ಫೋಆರ್ ಎಂಬ ಪ್ರೋಟೀನು ಫೋಬಿಗೆ ಸೂಚನೆ ಕೊಡುತ್ತದೆ, ಫಾಸ್ಫೇಟ್ ಹೀರುವ ಮತ್ತು ಕೆದಕಿ ತೆಗೆಯುವ ಕಿಣ್ವಗಳು ಹೊರಡುತ್ತವೆ. ಸಾರಜನಕಕ್ಕೆ ಎನ್‌ಟಿಆರ್‌ಸಿ ಎಂಬ ಪ್ರೋಟೀನು ಇದೆ.

ಕಬ್ಬಿಣದ್ದು ಸ್ವಲ್ಪ ನಿಂತು ನೋಡಬೇಕಾದ ಏರ್ಪಾಡು. ನಮ್ಮ ದೇಹ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್‌ನಂಥ ಪ್ರೋಟೀನುಗಳಲ್ಲಿ ಬಚ್ಚಿಡುತ್ತದೆ. ಕಬ್ಬಿಣ ಸಿಗದಾಗ ಫರ್ ಎಂಬ ರೆಪ್ರೆಸರ್ ಕಳಚಿಕೊಳ್ಳುತ್ತದೆ, ಕಬ್ಬಿಣ ಹಿಡಿದು ತರುವ ಅಣುಗಳು ತಯಾರಾಗುತ್ತವೆ. ಜೊತೆಗೆ ರೈಬಿ ಎಂಬ ಚಿಕ್ಕ ಆರ್‌ಎನ್‌ಎಯೂ ಹುಟ್ಟುತ್ತದೆ. ಅದು ಕಬ್ಬಿಣ ಬಳಸುವ, ಆದರೆ ಸದ್ಯಕ್ಕೆ ಇಲ್ಲದೆಯೂ ನಡೆಯುವ ಪ್ರೋಟೀನುಗಳ ಸಂದೇಶಗಳಿಗೆ ಅಂಟಿ ಅವು ನಾಶವಾಗುವಂತೆ ಮಾಡುತ್ತದೆ. ಇದ್ದಷ್ಟು ಕಬ್ಬಿಣ ಅತ್ಯಗತ್ಯದ ಕೆಲಸಕ್ಕೆ ಉಳಿಯುತ್ತದೆ. ಬರಗಾಲದಲ್ಲಿ ಬೀಜದ ಧಾನ್ಯ ಎತ್ತಿಟ್ಟು ಮಿಕ್ಕದ್ದರಲ್ಲಿ ಗಂಜಿ ಕಾಯಿಸುವ ಮನೆಯ ಲೆಕ್ಕಾಚಾರವೇ ಇದು.

ಯಾವುದೂ ಉಳಿಯದಿದ್ದರೆ ಸಾಯುತ್ತವೆಯೇ?

ಹಲವು ಸಾಯುತ್ತವೆ, ಎಲ್ಲವೂ ಅಲ್ಲ. ಆರ್‌ಎನ್‌ಎ ಪಾಲಿಮರೇಸಿಗೆ ಎಲ್ಲಿ ಕೂರಬೇಕೆಂದು ತೋರಿಸುವ ಸಿಗ್ಮಾ ಎಂಬ ಭಾಗವಿದೆ, ಇ. ಕೊಲೈಯಲ್ಲಿ ಏಳು ಬಗೆಯ ಸಿಗ್ಮಾಗಳು. ಬೆಳೆಯುವಾಗ ಸಿಗ್ಮಾ 70ರ ಆಡಳಿತ. ಬೆಳವಣಿಗೆ ನಿಂತಾಗ ಆರ್‌ಪಿಒಎಸ್ ಎಂಬ ಸಿಗ್ಮಾ ಶೇಖರವಾಗುತ್ತದೆ. ಚೆನ್ನಾಗಿ ಬೆಳೆಯುವ ಕೋಶದಲ್ಲಿ ಇದನ್ನು ತಯಾರಾದ ಬೆನ್ನಿಗೇ ಕಡಿದು ಹಾಕಲಾಗುತ್ತದೆ, ಹಸಿವಿನಲ್ಲಿ ಆ ಕಡಿತ ನಿಲ್ಲುತ್ತದೆ. ಆರ್‌ಪಿಒಎಸ್ ತೆರೆಯುವ ಜೀನುಗಳಿಂದ ಕೋಶ ಆಮ್ಲ, ಶಾಖ, ಪೆರಾಕ್ಸೈಡುಗಳನ್ನು ತಾಳಿಕೊಳ್ಳುವಂತಾಗುತ್ತದೆ. ಡಿಪಿಎಸ್ ಎಂಬ ಪ್ರೋಟೀನು ಡಿಎನ್‌ಎಯನ್ನು ಒತ್ತಾಗಿ ಸುತ್ತಿ ಕಾಪಾಡುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಇನ್ನೂ ಮುಂದೆ ಹೋಗಿ ಕೆಲವು ಗಂಟೆಗಳಲ್ಲಿ ಗಟ್ಟಿ ಕವಚದ ಬೀಜಕವಾಗುತ್ತದೆ, ತಾಯಿಕೋಶ ಒಡೆದು ಬೀಜಕವನ್ನು ಹೊರಬಿಡುತ್ತದೆ.

ಆಳಕ್ಕೆ ಇಳಿಯುವವರಿಗೆ

ಹಸಿದ ಬ್ಯಾಕ್ಟೀರಿಯಾ ಆಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ ಎನ್ನುತ್ತಾರೆ, ಏಕೆ?

ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ಕೋಶವನ್ನು. ಗೋಡೆ ಕಟ್ಟುವ ಕೆಲಸವನ್ನು ಅದು ಕೆಡಿಸುತ್ತದೆ, ಕಟ್ಟುತ್ತಲೇ ಇಲ್ಲದ ಕೋಶದಲ್ಲಿ ಕೆಡಿಸಲು ಏನೂ ಇಲ್ಲ. 1944ರಲ್ಲಿ ಜೋಸೆಫ್ ಬಿಗ್ಗರ್ ಹೀಗೆ ಉಳಿದುಕೊಳ್ಳುವ ಬೆರಳೆಣಿಕೆಯ ಕೋಶಗಳಿಗೆ ಪರ್ಸಿಸ್ಟರ್ ಎಂಬ ಹೆಸರಿಟ್ಟರು. ಇವು ಔಷಧ ನಿರೋಧಕ ತಳಿಗಳಲ್ಲ, ಜೀನು ಬದಲಾಗಿಲ್ಲ. ಮತ್ತೆ ಆಹಾರ ಸಿಕ್ಕಿ ಬೆಳೆದರೆ ಅವುಗಳ ಸಂತತಿ ಅದೇ ಔಷಧಕ್ಕೆ ಮೊದಲಿನಂತೆಯೇ ಸಾಯುತ್ತದೆ.

ಕ್ಷಯದಲ್ಲಿ ಇದು ಬಹಳ ಮುಖ್ಯ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಪಿಪಿಜಿಪಿಪಿ ತಯಾರಿಸುವ ರೆಲ್ ಜೀನನ್ನು ತೆಗೆದರೆ ಇಲಿಗಳಲ್ಲಿ ಅದು ದೀರ್ಘಕಾಲ ಬೀಡುಬಿಡಲಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ್ ಚಟರ್ಜಿ ಅವರ ತಂಡ ಇದೇ ವಂಶದ ನಿರುಪದ್ರವಿ ಮೈಕೊಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಪಿಪಿಜಿಪಿಪಿ ಮತ್ತು ರೆಲ್ ಕುರಿತು ವರ್ಷಗಟ್ಟಲೆ ಕೆಲಸ ಮಾಡಿದೆ. ಕ್ಷಯದ ಮಾತ್ರೆಗಳನ್ನು ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಏಕೆ ನುಂಗಬೇಕು ಎಂದು ಕೇಳಿದವರಿಗೆ ನಾನು ಹೇಳುವ ಕಾರಣಗಳಲ್ಲಿ ಈ ನಿದ್ದೆಯ ಕೋಶಗಳೂ ಒಂದು. ದಯವಿಟ್ಟು ನಡುವೆ ಬಿಡಬೇಡಿ.

ಸೈಕ್ಲಿಕ್ ಎಎಂಪಿ ಬರೀ ಗ್ಲುಕೋಸಿನ ಅಳತೆ ಅಲ್ಲವಾದರೆ ಅದು ಏನನ್ನು ಹೇಳುತ್ತದೆ?

ಇಂಗಾಲ ಮತ್ತು ಸಾರಜನಕದ ನಡುವಿನ ತೂಕವನ್ನು. ಸ್ಯಾನ್ ಡಿಯೇಗೊದ ಟೆರೆನ್ಸ್ ಹ್ವಾ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದಂತೆ, ಸಾರಜನಕ ಕಡಿಮೆಯಾದಾಗ ಅದರೊಡನೆ ಸೇರಬೇಕಿದ್ದ ಕೀಟೊ ಆಮ್ಲಗಳು ಕೋಶದಲ್ಲಿ ರಾಶಿಬೀಳುತ್ತವೆ. ಅವು ಸೈಕ್ಲಿಕ್ ಎಎಂಪಿಯ ತಯಾರಿಯನ್ನು ತಡೆಯುತ್ತವೆ, ಸಕ್ಕರೆ ಒಡೆಯುವ ಜೀನುಗಳು ಇಳಿಯುತ್ತವೆ, ಉಳಿದ ಸಾಮರ್ಥ್ಯ ಸಾರಜನಕ ಹೊಂದಿಸುವ ಕಡೆಗೆ ಹೋಗುತ್ತದೆ. ಇಂಗಾಲವೇ ಕಡಿಮೆಯಾದರೆ ಇದು ತಿರುಗುಮುರುಗು. ಗ್ಲುಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ ಇಳಿಯುವುದು ಈ ದೊಡ್ಡ ಹೊಂದಾಣಿಕೆಯ ಒಂದು ಮುಖ.

ಹಸಿವು ಹೆಚ್ಚು ದಿನ ಮುಂದುವರಿದರೆ ಜೀನುಗಳೇ ಬದಲಾಗುತ್ತವೆಯೇ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಇದ್ದ ಜೀನುಗಳನ್ನು ತೆರೆದು ಮುಚ್ಚುವ ಮಾತು. ಅದು ನಿಮಿಷಗಳಲ್ಲಿ ನಡೆಯುತ್ತದೆ, ಹಿಂದಿರುಗಿಸಲೂ ಬರುತ್ತದೆ. ಡಿಎನ್‌ಎಯ ರೂಪಾಂತರ ಬೇರೆಯೇ ವಿಷಯ, ಆದರೆ ಎರಡೂ ಒಂದು ಕಡೆ ಸಂಧಿಸುತ್ತವೆ. 1993ರಲ್ಲಿ ಮರಿಯಾ ಸಾಂಬ್ರಾನೊ, ರಾಬರ್ಟೊ ಕೋಲ್ಟರ್ ಮತ್ತು ಸಂಗಡಿಗರು ಹತ್ತು ದಿನ ಹಸಿದ ಇ. ಕೊಲೈಯ ಸ್ವಲ್ಪ ಭಾಗವನ್ನು ಒಂದು ದಿನದ ಹಳೆಯ ಸಾರಿಗೆ ಬೆರೆಸಿದರು. ಅಲ್ಪಸಂಖ್ಯೆಯ ಮುದುಕರೇ ಗೆದ್ದರು. ಕಾರಣ ಆರ್‌ಪಿಒಎಸ್ ಜೀನಿನಲ್ಲಾದ ಒಂದು ಬದಲಾವಣೆ. ಅದರಿಂದ ಆರ್‌ಪಿಒಎಸ್‌ನ ಕೆಲಸ ಕುಗ್ಗಿತ್ತು. ಕಾವಲಿಗೆ ಹೋಗುತ್ತಿದ್ದ ಪಾಲಿಮರೇಸುಗಳು ಬೆಳವಣಿಗೆಯ ಜೀನುಗಳಿಗೆ ದೊರೆತವು, ಸತ್ತ ನೆರೆಯವರಿಂದ ಸೋರಿದ ಅಮೈನೊ ಆಮ್ಲಗಳನ್ನು ಆಯ್ದು ತಿನ್ನುವುದು ಸುಲಭವಾಯಿತು. ಆದರೆ ಆರ್‌ಪಿಒಎಸ್ ಕುಗ್ಗಿದ ಕೋಶಗಳು ಆಮ್ಲ ಮತ್ತು ಶಾಖವನ್ನು ಮೊದಲಿನಷ್ಟು ತಾಳುವುದಿಲ್ಲ.